ಕೆನಡಾದ ಜೈಲುಗಳ ಬಗ್ಗೆ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಮಿನಾಲಜಿ ಓದಲು ಹೊರಟವರು, ಕಾನೂನು ವಿದ್ಯಾರ್ಥಿಗಳು, ಪತ್ರಕರ್ತರು ಮತ್ತು ಮಕ್ಕಳನ್ನು ಕೆನಡಾಕ್ಕೆ ಕಳಿಸಿರುವ ತಂದೆತಾಯಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇವೆ.

## ಮೊದಲು ತಿಳಿಯಬೇಕಾದದ್ದು

ನಮ್ಮಲ್ಲಿ ಜೈಲು ರಾಜ್ಯ ಸರ್ಕಾರದ್ದು. ಅಲ್ಲಿ ಯಾರದ್ದು?

ಇಬ್ಬರದ್ದೂ. ಭಾರತದ ಸಂವಿಧಾನದಲ್ಲಿ ಕಾರಾಗೃಹ ರಾಜ್ಯಪಟ್ಟಿಯಲ್ಲಿದೆ. ಕೆನಡಾದ 1867ರ ಸಂವಿಧಾನ ಅದನ್ನು ಹೋಳು ಮಾಡಿ ಹಂಚಿತು: ‘ಪೆನಿಟೆನ್ಷರಿ’ಗಳು ಒಕ್ಕೂಟ ಸರ್ಕಾರಕ್ಕೆ, ಉಳಿದ ಜೈಲುಗಳು ಪ್ರಾಂತ್ಯಗಳಿಗೆ. ಗೆರೆ ಎಳೆದಿರುವುದು ಶಿಕ್ಷೆಯ ಅವಧಿಯ ಮೇಲೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಒಕ್ಕೂಟದ ಕರೆಕ್ಷನಲ್ ಸರ್ವೀಸ್ ಆಫ್ ಕೆನಡಾ, ಅಂದರೆ ಸಿಎಸ್‌ಸಿ, ಅದಕ್ಕಿಂತ ಕಡಿಮೆಯಾದರೆ ಪ್ರಾಂತ್ಯ. ವಿಚಾರಣಾಧೀನ ಕೈದಿಗಳೆಲ್ಲ ಪ್ರಾಂತ್ಯದ ಪಾಲು.

ಓದಲು ಕೂರುವ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ. ‘ಕೆನಡಾದ ಜೈಲುಗಳಲ್ಲಿ ಹೀಗಿದೆ’ ಎಂದು ಬರೆದ ಬಹಳಷ್ಟು ಪ್ರಬಂಧಗಳು ಸಿಎಸ್‌ಸಿ ಬಗ್ಗೆ ಮಾತ್ರ ಹೇಳುತ್ತಿರುತ್ತವೆ. ವರ್ಷದಲ್ಲಿ ಜೈಲಿನ ಬಾಗಿಲು ದಾಟುವವರಲ್ಲಿ ಬಹುಪಾಲು ಜನ ಸಿಎಸ್‌ಸಿಯ ಗೋಡೆಯನ್ನು ನೋಡುವುದೇ ಇಲ್ಲ.

‘ಎರಡು ವರ್ಷಕ್ಕೆ ಒಂದು ದಿನ ಕಮ್ಮಿ’ ಅಂತ ತೀರ್ಪು ಕೊಡ್ತಾರಲ್ಲ, ಆ ಒಂದು ದಿನದಿಂದ ಏನು ಬದಲಾಗುತ್ತೆ?

ಯಾವ ಸರ್ಕಾರದ ಕೈಗೆ ಹೋಗುತ್ತಾರೆ ಎನ್ನುವುದೇ ಬದಲಾಗುತ್ತದೆ. ಒಂದು ದಿನ ಕಡಿಮೆಯಾದರೆ ಪ್ರಾಂತ್ಯದ ಜೈಲು. ಮನೆ ಸಾಮಾನ್ಯವಾಗಿ ಹತ್ತಿರ, ಆದರೆ ಜನ ಬಂದು ಹೋಗುವ ಜಾಗವಾದ್ದರಿಂದ ದೀರ್ಘ ಸುಧಾರಣಾ ಕಾರ್ಯಕ್ರಮಗಳು ವಿರಳ. ಸನ್ನಡತೆ ಇದ್ದರೆ ಮೂರನೇ ಎರಡು ಭಾಗ ಕಳೆದ ಮೇಲೆ ಹೊರಗೆ. ಪೂರ್ತಿ ಎರಡು ವರ್ಷವಾದರೆ ಪೆನಿಟೆನ್ಷರಿ, ವಿವರವಾದ ಮೌಲ್ಯಮಾಪನ, ಹೊರಬಂದ ಮೇಲೆ ಪೆರೋಲ್ ಅಧಿಕಾರಿಯ ಕಣ್ಗಾವಲು. ಚಟ ಬಿಡಿಸುವ ಕಾರ್ಯಕ್ರಮ ಸಿಗಲೆಂದು ವಕೀಲರೇ ಎರಡು ವರ್ಷ ಕೇಳಿದ ಪ್ರಸಂಗಗಳೂ ಇವೆ.

ಅಲ್ಲಿ ಕೈದಿಗಳಿಗೆ ಪೆರೋಲ್ ಸುಲಭವಾಗಿ ಸಿಗುತ್ತಂತೆ, ಹೌದಾ?

ಈ ಪದವೇ ಮೋಸ ಮಾಡುತ್ತದೆ. ನಮ್ಮಲ್ಲಿ ಪೆರೋಲ್ ಎಂದರೆ ತಂಗಿ ಮದುವೆಗೋ ತಂದೆಯ ತಿಥಿಗೋ ಕೆಲವು ದಿನ ಹೊರಗೆ ಬಂದು ಮತ್ತೆ ಪರಪ್ಪನ ಅಗ್ರಹಾರದ ಗೇಟಿಗೆ ಮರಳುವುದು. ಕೆನಡಾದಲ್ಲಿ ಅದಕ್ಕೆ ‘ಟೆಂಪರರಿ ಆಬ್ಸೆನ್ಸ್’ ಎಂಬ ಬೇರೆ ಹೆಸರಿದೆ. ಅಲ್ಲಿ ಪೆರೋಲ್ ಎಂದರೆ ಉಳಿದ ಶಿಕ್ಷೆಯನ್ನು ಷರತ್ತುಗಳ ಮೇಲೆ ಹೊರಗೇ ಅನುಭವಿಸುವುದು. ಷರತ್ತು ಮುರಿದರೆ ವಾಪಸ್ ಒಳಗೆ. ಎರಡು ದೇಶಗಳ ಪೆರೋಲ್ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಇಟ್ಟ ಪ್ರಾಜೆಕ್ಟ್ ವರದಿ ಕಂಡರೆ ಅಲ್ಲಿಗೇ ಕೆಳಗಿಡಬಹುದು.

ಆರು ವರ್ಷ ಶಿಕ್ಷೆ ಅಂದರೆ ನಿಜವಾಗಿ ಎಷ್ಟು ವರ್ಷ ಒಳಗಿರಬೇಕು?

ಕಾಗದ ಪೆನ್ಸಿಲ್ ತಗೊಂಡು ಲೆಕ್ಕ ಹಾಕಿ. ಶಿಕ್ಷೆ ಶುರುವಾದ ದಿನವನ್ನು ಸೊನ್ನೆ ಎಂದಿಟ್ಟುಕೊಳ್ಳಿ.

ಪೂರ್ಣ ಪೆರೋಲಿಗೆ ಅರ್ಹತೆ ಬರುವುದು ಶಿಕ್ಷೆಯ ಮೂರನೇ ಒಂದು ಭಾಗ ಅಥವಾ ಏಳು ವರ್ಷ, ಇವೆರಡರಲ್ಲಿ ಯಾವುದು ಕಡಿಮೆಯೋ ಆಗ. ಆರು ವರ್ಷಕ್ಕೆ ಅದು 2ನೇ ವರ್ಷದ ಕೊನೆ. ಹಗಲು ಹೊರಗಿದ್ದು ರಾತ್ರಿ ಮೇಲ್ವಿಚಾರಣೆಯ ವಸತಿಯಾದ ಹಾಫ್‌ವೇ ಹೌಸ್‌ಗೆ ಮರಳುವ ‘ಡೇ ಪೆರೋಲ್’ಗೆ ಅರ್ಹತೆ ಅದಕ್ಕಿಂತ ಆರು ತಿಂಗಳು ಮೊದಲು, ಅಂದರೆ ಒಂದೂವರೆ ವರ್ಷಕ್ಕೆ. ಬೆಂಗಾವಲಿಲ್ಲದ ತಾತ್ಕಾಲಿಕ ರಜೆಗೆ ಆರನೇ ಒಂದು ಭಾಗ, ಇಲ್ಲಿ ಒಂದು ವರ್ಷ. ಮೂರನೇ ಎರಡು ಭಾಗ ಮುಗಿದಾಗ, ಅಂದರೆ 4 ವರ್ಷಕ್ಕೆ, ‘ಸ್ಟ್ಯಾಚುಟರಿ ರಿಲೀಸ್’. ಇದು ಪೆರೋಲ್ ಬೋರ್ಡಿನ ಔದಾರ್ಯವಲ್ಲ, ಕಾನೂನೇ ಕೊಡುವ ಬಿಡುಗಡೆ. ಗಂಭೀರ ಹಾನಿ ಮಾಡುವ ಸಂಭವ ಹೆಚ್ಚಿರುವ ಕೆಲವರನ್ನು ಮಾತ್ರ ಬೋರ್ಡು ಕೊನೆಯವರೆಗೆ ತಡೆಹಿಡಿಯಬಹುದು. 6ನೇ ವರ್ಷ ಮುಗಿದ ದಿನ ವಾರಂಟ್ ಮುಗಿಯಿತು, ಅಲ್ಲಿಗೆ ಎಲ್ಲ ಹಿಡಿತವೂ ಮುಗಿಯಿತು.

ಇಲ್ಲಿ ಎಲ್ಲರೂ ಎಡವುವುದು ‘ಅರ್ಹತೆ’ ಎಂಬ ಮಾತಿನಲ್ಲಿ. ಅರ್ಹತೆಯ ದಿನ ಬಂತೆಂದರೆ ಅರ್ಜಿಯನ್ನು ಪರಿಶೀಲಿಸಬಹುದು ಎಂದಷ್ಟೇ. ಮಾಡಬೇಕಿದ್ದ ಕಾರ್ಯಕ್ರಮಕ್ಕೆ ಸರದಿ ಬಾರದೆ ಆ ದಿನ ಕಳೆದುಹೋಗುವುದು, ಕೈದಿಯೇ ವಿಚಾರಣೆಯನ್ನು ಮುಂದೂಡಿಸಿಕೊಳ್ಳುವುದು ಮಾಮೂಲು.

ಇನ್ನೊಂದು ಸಂಗತಿ. ತೀರ್ಪಿಗೆ ಮೊದಲು ಕಳೆದ ರಿಮ್ಯಾಂಡ್ ದಿನಗಳು ಶಿಕ್ಷೆಯಲ್ಲಿ ವಜಾ ಆಗುತ್ತವೆ. ನಮ್ಮಲ್ಲಿ ಒಂದಕ್ಕೆ ಒಂದು. ಅಲ್ಲಿ ಸಾಮಾನ್ಯವಾಗಿ ಒಂದು ದಿನಕ್ಕೆ ಒಂದೂವರೆ ದಿನ. ರಿಮ್ಯಾಂಡ್ ಅವಧಿಗೆ ಪೆರೋಲ್, ಸನ್ನಡತೆಯ ಲೆಕ್ಕ ಸಿಗುವುದಿಲ್ಲವಾದ್ದರಿಂದ ಆ ನಷ್ಟ ತುಂಬಲು ಹೀಗೆ ಎಂದು 2014ರ ಸಮ್ಮರ್ಸ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು.

ಜೀವಾವಧಿ ಅಂದರೆ ಇಪ್ಪತ್ತೈದು ವರ್ಷ ಅಲ್ವಾ?

ಅಲ್ಲ. ಜೀವ ಇರುವವರೆಗೆ. 25 ವರ್ಷ ಎನ್ನುವುದು ಮೊದಲ ದರ್ಜೆಯ ಕೊಲೆಯಲ್ಲಿ ಪೆರೋಲ್ ಕೇಳಲು ಕಾಯಬೇಕಾದ ಅವಧಿ. ಎರಡನೇ ದರ್ಜೆಗೆ ನ್ಯಾಯಾಧೀಶರು 10ರಿಂದ 25 ವರ್ಷದ ನಡುವೆ ನಿಗದಿ ಮಾಡುತ್ತಾರೆ. ಪೆರೋಲ್ ಸಿಕ್ಕರೂ ಸಾಯುವವರೆಗೆ ಷರತ್ತು ತಪ್ಪುವುದಿಲ್ಲ. ಹಲವರನ್ನು ಕೊಂದವರಿಗೆ 25 ವರ್ಷಗಳನ್ನು ಒಂದರ ಮೇಲೊಂದು ಪೇರಿಸಬಹುದೆಂದು 2011ರಲ್ಲಿ ಕಾನೂನು ಬಂದಿತ್ತು. ಕ್ವಿಬೆಕ್ ನಗರದ ಮಸೀದಿಯಲ್ಲಿ 2017ರಲ್ಲಿ ನಡೆದ ಹತ್ಯೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಒಮ್ಮತದಿಂದ ರದ್ದು ಮಾಡಿತು. ಬದುಕಿರುವಾಗ ಹೊರಬರುವ ನಿಜವಾದ ಅವಕಾಶವೇ ಇಲ್ಲದ ಶಿಕ್ಷೆ ಕ್ರೂರ ಎಂಬುದು ಅದರ ತರ್ಕ.

ಗಲ್ಲು ಇದೆಯಾ?

ಇಲ್ಲ. ಕೊನೆಯ ಬಾರಿ ನೇಣು ಹಾಕಿದ್ದು 1962ರ ಡಿಸೆಂಬರ್ 11ರಂದು, ಟೊರೊಂಟೊದ ಡಾನ್ ಜೈಲಿನಲ್ಲಿ. 1976ರಲ್ಲಿ ಕೊಲೆಗೆ ಮರಣದಂಡನೆ ರದ್ದಾಯಿತು. ಛಡಿಯೇಟು 1972ರವರೆಗೂ ಕಾನೂನಿನಲ್ಲಿತ್ತು ಎಂದರೆ ಹಲವರು ನಂಬುವುದಿಲ್ಲ.

## ಗೋಡೆಯ ಒಳಗೆ

ಪೆನಿಟೆನ್ಷರಿಗೆ ಹೋದ ಮೇಲೆ ಮೊದಲು ಏನು ಮಾಡ್ತಾರೆ?

ಅಳೆಯುತ್ತಾರೆ. ಮೊದಲ 70ರಿಂದ 90 ದಿನ ಮೌಲ್ಯಮಾಪನ ಘಟಕದಲ್ಲಿ ಕಳೆಯುತ್ತದೆ. ಪೊಲೀಸ್ ವರದಿ, ತೀರ್ಪಿನ ಟಿಪ್ಪಣಿ, ಹಳೆಯ ದಾಖಲೆ ತರಿಸಿ, ಸಂದರ್ಶನ ಮಾಡಿ ಎರಡು ಕಾಗದ ತಯಾರಿಸುತ್ತಾರೆ. ಒಂದು ಭದ್ರತಾ ದರ್ಜೆ: ಮಿನಿಮಮ್, ಮೀಡಿಯಂ, ಮ್ಯಾಕ್ಸಿಮಮ್. ಇದಕ್ಕೆ ‘ಕಸ್ಟಡಿ ರೇಟಿಂಗ್ ಸ್ಕೇಲ್’ ಎಂಬ ಅಂಕಪಟ್ಟಿ ಇದೆ. ಜೈಲಿನೊಳಗೆ ಹೇಗೆ ಹೊಂದಿಕೊಳ್ಳುತ್ತಾನೆ, ಓಡಿಹೋದರೆ ಹೊರಗಿನವರಿಗೆ ಎಷ್ಟು ಅಪಾಯ ಎಂದು ಅದರಲ್ಲಿ ಎಣಿಸುತ್ತಾರೆ. ಇನ್ನೊಂದು ‘ಕರೆಕ್ಷನಲ್ ಪ್ಲಾನ್’: ಯಾವ ಕಾರ್ಯಕ್ರಮ, ಯಾವ ಕೆಲಸ, ಯಾವ ಓದು.

ಆ ಮೇಲೆ ಕೈದಿಯ ಇಡೀ ಬದುಕು ಈ ಕಡತವನ್ನು ಹಿಡಿದು ಹೋಗುತ್ತದೆ. ಪೊಲೀಸ್ ವರದಿಯಲ್ಲಿ ‘ಗ್ಯಾಂಗಿನ ನಂಟು’ ಎಂಬ ಒಂದು ಸಾಲು ನುಸುಳಿದರೆ ಅದು ಹತ್ತು ವರ್ಷ ನಕಲಾಗುತ್ತಲೇ ಇರುತ್ತದೆ. ತಿದ್ದಿಸಲು ಅರ್ಜಿ ಹಾಕುವ ಹಕ್ಕು ಕಾನೂನಿನಲ್ಲಿದೆ. ತಿದ್ದಲು ಒಪ್ಪದಿದ್ದರೆ, ‘ತಿದ್ದುಪಡಿ ಕೇಳಿದ್ದರು, ಮಾಡಿಲ್ಲ’ ಎಂಬ ಟಿಪ್ಪಣಿಯನ್ನಾದರೂ ಸೇರಿಸಬೇಕು.

ಒಳಗೆ ದುಡಿದರೆ ಕೈಗೆ ಎಷ್ಟು ಬರುತ್ತೆ?

ದಿನಕ್ಕೆ ಗರಿಷ್ಠ 6 ಡಾಲರ್ 90 ಸೆಂಟ್. ಈ ದರ ನಿಗದಿಯಾದದ್ದು 1981ರಲ್ಲಿ. ಕೆಳಗಿನ ಹಂತಗಳು 6.35, 5.80, 5.25. ಎರಡು ವಾರದ ಹತ್ತು ಕೆಲಸದ ದಿನಕ್ಕೆ ಮೇಲಿನ ಹಂತದವರಿಗೆ 69 ಡಾಲರ್. 2013ರಿಂದ ಅದರಲ್ಲಿ ಊಟ ವಸತಿಗೆ 22%, ಫೋನ್ ವ್ಯವಸ್ಥೆಗೆ 8% ಹಿಡಿಯುತ್ತಾರೆ. ಉಳಿದದ್ದು 48 ಡಾಲರ್ 30 ಸೆಂಟ್. ಸೋಪು, ಶಾಂಪೂ, ಮಗಳಿಗೆ ಫೋನು, ಬಿಡುಗಡೆಯ ದಿನಕ್ಕೆ ಉಳಿತಾಯ, ಎಲ್ಲ ಇದರಲ್ಲೇ. ಕಡಿತ ಬಂದಾಗ ಹಲವು ಜೈಲುಗಳಲ್ಲಿ ಕೈದಿಗಳು ಕೆಲಸ ನಿಲ್ಲಿಸಿದ್ದರು, ಮೊಕದ್ದಮೆಯೂ ಹೂಡಿದ್ದರು. ಕೋರ್ಟಿನಲ್ಲಿ ಗೆಲ್ಲಲಿಲ್ಲ. ದರದ ನಿಯಮ ನೋಡಬೇಕಾದರೆ ಸಿಎಸ್‌ಸಿಯ ಕಮಿಷನರ್ ನಿರ್ದೇಶನ 730 ಓದಿ, ಎಲ್ಲರಿಗೂ ಮುಕ್ತವಾಗಿದೆ.

ಸಸ್ಯಾಹಾರಿಗಳ ಗತಿ ಏನು?

ಧರ್ಮದ ಕಾರಣಕ್ಕೆ ಬೇರೆ ಊಟ ಕೇಳುವ ಹಕ್ಕು ಮೊದಲಿಂದಲೂ ಇತ್ತು. ಧರ್ಮದ ಹೆಸರು ಹೇಳದೆ, ‘ಪ್ರಾಣಿ ತಿನ್ನುವುದು ನನ್ನ ಮನಸ್ಸಾಕ್ಷಿಗೆ ಒಪ್ಪುವುದಿಲ್ಲ’ ಎಂದ ಕೈದಿಯೊಬ್ಬರ ಪರವಾಗಿ ಫೆಡರಲ್ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಕೆನಡಾದ ಸಂವಿಧಾನದ ಹಕ್ಕುಪತ್ರವಾದ ಚಾರ್ಟರಿನಲ್ಲಿ ಧರ್ಮದ ಪಕ್ಕದಲ್ಲೇ ಮನಸ್ಸಾಕ್ಷಿಯ ಸ್ವಾತಂತ್ರ್ಯವೂ ಇದೆ ಎಂಬುದು ಕಾರಣ.

ಕೈದಿಗಳು ವೋಟು ಹಾಕಬಹುದಾ?

ಹಾಕಬಹುದು, ಕೊಲೆ ಮಾಡಿದವರೂ. 2002ರ ಸೋವೆ ತೀರ್ಪು ಎಲ್ಲ ನಿಷೇಧವನ್ನೂ ತೆಗೆಯಿತು. ಮತ ಎಣಿಕೆಯಾಗುವುದು ಜೈಲಿರುವ ಕ್ಷೇತ್ರದಲ್ಲಲ್ಲ, ಒಳಗೆ ಹೋಗುವ ಮೊದಲು ವಾಸವಿದ್ದ ಕಡೆ. ಹಾಗಾಗಿ ಜೈಲಿರುವ ಸಣ್ಣ ಊರಿನ ಫಲಿತಾಂಶ ಇದರಿಂದ ಕೆಡುವುದಿಲ್ಲ. ಭಾರತದಲ್ಲಿ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ವಿಚಾರಣಾಧೀನರಿಗೂ ಮತ ಕೊಡುವುದಿಲ್ಲ. ತುಲನಾತ್ಮಕ ಅಧ್ಯಯನಕ್ಕೆ ಒಳ್ಳೆಯ ವಿಷಯ, ಸಾಮಗ್ರಿಯೂ ಕೈಗೆ ಸಿಗುತ್ತದೆ.

ಮಗ ಅಲ್ಲಿ ಸ್ಟೂಡೆಂಟ್ ವೀಸಾದಲ್ಲಿದ್ದಾನೆ. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ. ಫೈನ್ ಕಟ್ಟಿದರೆ ಮುಗೀತಾ?

ಮುಗಿಯದೆಯೂ ಇರಬಹುದು. 2018ರ ಡಿಸೆಂಬರ್ 18ರಿಂದ ಕುಡಿದು ವಾಹನ ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ 5 ವರ್ಷದಿಂದ 10 ವರ್ಷಕ್ಕೆ ಏರಿತು. ವಲಸೆ ಕಾನೂನಿನ 36ನೇ ಕಲಮು ನೋಡುವುದು ಕೊಟ್ಟ ಶಿಕ್ಷೆಯನ್ನು ಮಾತ್ರವಲ್ಲ, ಕೊಡಬಹುದಾಗಿದ್ದ ಗರಿಷ್ಠವನ್ನೂ. ಗರಿಷ್ಠ 10 ವರ್ಷ ಇರುವ ಅಪರಾಧವಾದರೆ ಅದು ‘ಗಂಭೀರ ಅಪರಾಧ’ದ ಪಟ್ಟಿಗೆ ಸೇರುತ್ತದೆ. ಕೋರ್ಟು ದಂಡ ಹಾಕಿ ಬಿಟ್ಟರೂ ದೇಶದಿಂದ ಹೊರಹಾಕುವ ಪ್ರಕ್ರಿಯೆ ಶುರುವಾಗಬಹುದು.

ಪರ್ಮನೆಂಟ್ ರೆಸಿಡೆಂಟ್ ಆದವರಿಗೆ ಇನ್ನೊಂದು ಗೆರೆ ಇದೆ. ಆರು ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆಯಾದರೆ ಗಡೀಪಾರಿನ ಮೇಲೆ ಮೇಲ್ಮನವಿ ಹಕ್ಕೂ ಹೋಗುತ್ತದೆ. ವಕೀಲರು ‘ಆರು ತಿಂಗಳಿಗೆ ಒಂದು ದಿನ ಕಡಿಮೆ’ ಕೇಳುವುದು ಇದಕ್ಕೇ. ವಲಸೆಯ ಪರಿಣಾಮವನ್ನು ಶಿಕ್ಷೆ ಗೊತ್ತು ಮಾಡುವಾಗ ಗಮನಿಸಬಹುದೆಂದು 2013ರ ಫಾಮ್ ತೀರ್ಪು ಹೇಳಿದೆ, ಆದರೆ ನ್ಯಾಯವಾದ ಶಿಕ್ಷೆಯ ವ್ಯಾಪ್ತಿ ಮೀರುವಂತಿಲ್ಲ. ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಕಾಣಬೇಕು. ಸಹಿ ಹಾಕಿದ ಮೇಲೆ ಮಾಡಬಹುದಾದದ್ದು ತೀರ ಕಡಿಮೆ.

## ತತ್ತ್ವದ ಪ್ರಶ್ನೆಗಳು

ಕೆನಡಾದ ಕಾನೂನು ಶಿಕ್ಷೆಯ ಪರವಾ, ಸುಧಾರಣೆಯ ಪರವಾ?

ಎರಡು ಕಾನೂನು ತೆರೆದು ಪಕ್ಕ ಪಕ್ಕ ಇಟ್ಟುಕೊಳ್ಳಿ. ಕ್ರಿಮಿನಲ್ ಕೋಡಿನ 718ನೇ ಕಲಮು ನ್ಯಾಯಾಧೀಶರಿಗೆ: ಖಂಡನೆ, ಹೆದರಿಕೆ, ಸಮಾಜದಿಂದ ಬೇರ್ಪಡಿಸುವುದು, ಪುನರ್ವಸತಿ, ಹಾನಿ ತುಂಬಿಕೊಡುವುದು, ಎಲ್ಲವೂ ಅಲ್ಲಿವೆ. 1992ರ ಕರೆಕ್ಷನ್ಸ್ ಅಂಡ್ ಕಂಡಿಷನಲ್ ರಿಲೀಸ್ ಆಕ್ಟ್, ಅಂದರೆ ಸಿಸಿಆರ್‌ಎ, ಜೈಲು ನಡೆಸುವವರಿಗೆ. ಅದರ 3ನೇ ಕಲಮಿನಲ್ಲಿ ಸುರಕ್ಷಿತ ಮತ್ತು ಮಾನವೀಯ ಬಂಧನ, ಮತ್ತೆ ಸಮಾಜಕ್ಕೆ ಸೇರಲು ನೆರವು ಎಂದಷ್ಟೇ ಇದೆ. ಖಂಡನೆಯೂ ಇಲ್ಲ, ಹೆದರಿಸುವುದೂ ಇಲ್ಲ. ಶಿಕ್ಷೆ ಕೊಡುವುದು ಕೋರ್ಟಿನಲ್ಲೇ ಮುಗಿಯಿತು, ಸ್ವಾತಂತ್ರ್ಯ ಹೋದದ್ದೇ ಶಿಕ್ಷೆ. ಒಳಗೆ ಇನ್ನೊಂದು ಸಲ ಶಿಕ್ಷಿಸುವ ಅಧಿಕಾರ ವಾರ್ಡನ್‌ಗೆ ಇಲ್ಲ. ಶಿಕ್ಷೆಯ ಕಾರಣದಿಂದ ಅನಿವಾರ್ಯವಾಗಿ ಹೋಗುವ ಹಕ್ಕುಗಳನ್ನು ಬಿಟ್ಟು ಉಳಿದೆಲ್ಲ ಹಕ್ಕುಗಳೂ ಕೈದಿಗೆ ಇವೆ ಎಂದು 4ನೇ ಕಲಮು ಹೇಳುತ್ತದೆ.

ಈ ಓದಿನಲ್ಲಿ ಮುಂದೆ ಬರುವ ಬಹುತೇಕ ಜಗಳಗಳು ಈ ಎರಡು ಕಲಮುಗಳಿಗೂ ಬ್ಯಾರಕ್ಕಿನ ಕಾರಿಡಾರಿಗೂ ನಡುವಿನ ದೂರದ ಬಗ್ಗೆಯೇ. ರಾಜಕೀಯ ಆ ಕಲಮನ್ನೂ ಸುಮ್ಮನೆ ಬಿಟ್ಟಿಲ್ಲ. ಸಿಬ್ಬಂದಿ ‘ಅತಿ ಕಡಿಮೆ ನಿರ್ಬಂಧದ ಕ್ರಮ’ ಬಳಸಬೇಕೆಂದು 1992ರ ಕಾಯ್ದೆಯಲ್ಲಿತ್ತು. 2012ರಲ್ಲಿ ಅದನ್ನು ತೆಗೆದು ‘ಅಗತ್ಯ ಮತ್ತು ಅನುಪಾತದ ಕ್ರಮ’ ಎಂದು ಬರೆದರು. 2019ರಲ್ಲಿ ಹಳೆಯ ಮಾತು ಮರಳಿ ಬಂತು. ಯಾವುದೇ ಪ್ರಬಂಧ ಓದುವಾಗ ಅದು ಬರೆದ ವರ್ಷ ಯಾವ ಪದ ಜಾರಿಯಲ್ಲಿತ್ತೆಂದು ನೋಡಿಕೊಳ್ಳಿ.

ನಮ್ಮಲ್ಲೂ ಇಲಾಖೆಯ ಹೆಸರು ‘ಕಾರಾಗೃಹ ಮತ್ತು ಸುಧಾರಣಾ ಸೇವೆಗಳು’ ಎಂದಾಗಿದೆ. ಬೋರ್ಡಿನ ಮೇಲಿನ ಹೆಸರನ್ನೇ ತತ್ತ್ವ ಎಂದು ತಿಳಿಯಬೇಡಿ.

ಎಲ್ಲರೂ ಕಿಂಗ್‌ಸ್ಟನ್, ಕಿಂಗ್‌ಸ್ಟನ್ ಅಂತಾರೆ. ಅಲ್ಲಿಂದಲೇ ಯಾಕೆ ಶುರು ಮಾಡಬೇಕು?

ಯಾಕೆಂದರೆ ತತ್ತ್ವಗಳು ಬಂದು ಹೋದ ಗುರುತೆಲ್ಲ ಆ ಒಂದೇ ಕಟ್ಟಡದ ಮೇಲಿದೆ. ಒಂಟಾರಿಯೋ ಸರೋವರದ ದಂಡೆಯಲ್ಲಿ 1835ರ ಜೂನ್ 1ರಂದು ಆರು ಕೈದಿಗಳೊಂದಿಗೆ ತೆರೆಯಿತು, 2013ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಮೊದಲಿಗೆ ನ್ಯೂಯಾರ್ಕಿನ ಆಬರ್ನ್ ಪದ್ಧತಿ: ಹಗಲು ಒಟ್ಟಿಗೆ ಕೆಲಸ, ರಾತ್ರಿ ಒಬ್ಬೊಬ್ಬರಾಗಿ, ಯಾವಾಗಲೂ ಮೌನ. ಮಾತಾಡದಿದ್ದರೆ ಮನುಷ್ಯ ಪಶ್ಚಾತ್ತಾಪ ಪಡುತ್ತಾನೆ ಎಂಬ ನಂಬಿಕೆ. ಆಗಿನ ಕೋಣೆಯ ಅಗಲ ಸುಮಾರು 74 ಸೆಂ.ಮೀ., ಉದ್ದ 244 ಸೆಂ.ಮೀ. ನಿಮ್ಮ ಮನೆಯ ಬಚ್ಚಲಿನ ಬಾಗಿಲನ್ನು ಅಳೆದು ನೋಡಿ, ಆ ಅಗಲದಲ್ಲಿ ಹಾಸಿಗೆ, ಬಕೆಟ್ಟು, ಮನುಷ್ಯ ಎಲ್ಲ.

ಮೌನ ಪಾಲಿಸಲು ಚಾವಟಿ ಬೇಕಾಯಿತು. 1848–49ರ ಬ್ರೌನ್ ಆಯೋಗ ಹೊಡೆತ ತಿಂದವರ ಲೆಕ್ಕ ತೆಗೆದಾಗ ಮಕ್ಕಳೂ ಸಿಕ್ಕರು. ಕ್ರಿಸ್‌ಮಸ್ ಹಿಂದಿನ ದಿನ ಫ್ರೆಂಚ್ ಮಾತಾಡಿದ್ದಕ್ಕೆ ಚಾವಟಿಯೇಟು ತಿಂದ ಹನ್ನೊಂದರ ಹುಡುಗನೂ ಅದರಲ್ಲಿದ್ದ. ಮೊದಲ ವಾರ್ಡನ್ ಹುದ್ದೆ ಕಳೆದುಕೊಂಡರು.

ಆಮೇಲಿನ ಮೈಲಿಗಲ್ಲುಗಳನ್ನು ಬೇಗ ಹೇಳುವುದಾದರೆ: 1938ರ ಆರ್ಷಂಬೋ ವರದಿ ಶಿಕ್ಷೆಯ ಬದಲು ಸುಧಾರಣೆಯನ್ನು ಗುರಿಯಾಗಿಸಿತು, ಅದಕ್ಕೆ ಸಂಸತ್ತಿನಲ್ಲಿ ಹಟ ಹಿಡಿದವರು ಕೆನಡಾದ ಮೊದಲ ಮಹಿಳಾ ಸಂಸದೆ ಆಗ್ನೆಸ್ ಮ್ಯಾಕ್‌ಫೇಲ್. ಯುದ್ಧ ಬಂದು ಅದು ಕಪಾಟು ಸೇರಿತು. 1956ರ ಫೋಟೋ (Fauteux) ಸಮಿತಿಯ ವರದಿಯ ಫಲವಾಗಿ 1959ರಲ್ಲಿ ರಾಷ್ಟ್ರೀಯ ಪೆರೋಲ್ ಬೋರ್ಡು ಬಂತು. 1971ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್ನಿನಲ್ಲಿ ನಾಲ್ಕು ದಿನದ ದಂಗೆ, ಆರು ಕಾವಲುಗಾರರು ಒತ್ತೆಯಾಳು, ಇಬ್ಬರು ಕೈದಿಗಳ ಸಾವು. ದಂಗೆಕೋರರು ಪುಡಿ ಮಾಡಿದ ವಸ್ತುಗಳಲ್ಲಿ ನಡುಗುಮ್ಮಟದ ಹಿತ್ತಾಳೆ ಗಂಟೆಯೂ ಒಂದು. ಏಳು, ತಿನ್ನು, ನಡೆ, ಮಲಗು ಎಂದು ದಿನವಿಡೀ ಬಡಿಯುತ್ತಿದ್ದದ್ದು ಅದು. ದಂಗೆಯ ನಂತರ 1973ರಲ್ಲಿ ಕರೆಕ್ಷನಲ್ ಇನ್ವೆಸ್ಟಿಗೇಟರ್ ಎಂಬ, ಕೈದಿಗಳ ದೂರು ಕೇಳುವ ಒಂಬುಡ್ಸ್‌ಮನ್ ಹುದ್ದೆ ಬಂತು. ಇವತ್ತು ಈ ಕ್ಷೇತ್ರದ ಬಗ್ಗೆ ನಂಬಬಹುದಾದ ಟೀಕೆ ಬೇಕೆಂದರೆ ಆ ಕಚೇರಿಯ ವಾರ್ಷಿಕ ವರದಿಗಳೇ ಮೊದಲ ಓದು.

ಆರ್‌ಎನ್‌ಆರ್ ಅಂದರೇನು? ಪ್ರತಿ ಪಠ್ಯದಲ್ಲೂ ಬರುತ್ತೆ, ಅರ್ಥವಾಗ್ತಿಲ್ಲ.

ರಿಸ್ಕ್, ನೀಡ್, ರೆಸ್ಪಾನ್ಸಿವಿಟಿ. 1974ರಲ್ಲಿ ಅಮೆರಿಕದ ಮಾರ್ಟಿನ್‌ಸನ್ ಲೇಖನದಿಂದ ‘ಯಾವ ಸುಧಾರಣೆಯೂ ಕೆಲಸ ಮಾಡದು’ ಎಂಬ ಮಾತು ಹಬ್ಬಿತು. ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಡಾನ್ ಆಂಡ್ರ್ಯೂಸ್, ಅವರ ಜೊತೆ ಜೇಮ್ಸ್ ಬೊಂಟಾ ಮತ್ತಿತರರು ಅದನ್ನು ಒಪ್ಪದೆ, ಯಾವುದು ಯಾರಿಗೆ ಕೆಲಸ ಮಾಡುತ್ತದೆ ಎಂದು ಕೇಳಿದರು. 1990ರಲ್ಲಿ ಈ ಮೂರು ಸೂತ್ರಗಳು ಬಂದವು.

ರಿಸ್ಕ್: ಮತ್ತೆ ಅಪರಾಧ ಮಾಡುವ ಸಂಭವ ಹೆಚ್ಚಿರುವವರಿಗೆ ಹೆಚ್ಚು ಚಿಕಿತ್ಸೆ, ಕಡಿಮೆ ಇರುವವರನ್ನು ಸುಮ್ಮನೆ ಬಿಡು. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತದೆ, ‘ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಟ್ಟರೇನು?’ ಎನ್ನುತ್ತಾರೆ. ಮೊದಲ ಸಲ ತಪ್ಪು ಮಾಡಿದ ಗುಮಾಸ್ತನನ್ನು ಪಳಗಿದ ಕಳ್ಳರ ಗುಂಪಿನಲ್ಲಿ ವಾರಕ್ಕೆ ನಾಲ್ಕು ದಿನ ಕೂರಿಸಿದರೆ ಅವನ ಕೆಲಸ ಹೋಗುತ್ತದೆ, ಮನೆಯ ಬಂಧ ಸಡಿಲವಾಗುತ್ತದೆ, ಹೊಸ ಗೆಳೆಯರು ಸಿಗುತ್ತಾರೆ. ಅವನನ್ನು ಕಾಯುತ್ತಿದ್ದದ್ದೇ ಆ ಕೆಲಸ ಮತ್ತು ಮನೆ.

ನೀಡ್: ಅಪರಾಧಕ್ಕೆ ನೇರ ನಂಟಿರುವ ಅಂಶಗಳಿಗೆ ಮಾತ್ರ ಕೈ ಹಾಕು. ಎಂಟು ಅಂಶಗಳ ಪಟ್ಟಿ ಇದೆ: ಹಿಂದಿನ ಅಪರಾಧಗಳು, ಸಮಾಜವಿರೋಧಿ ಸ್ವಭಾವ, ಅಪರಾಧವನ್ನು ಸಮರ್ಥಿಸುವ ಯೋಚನೆ, ಸಹವಾಸ, ಕುಟುಂಬ, ಓದು–ಕೆಲಸ, ಬಿಡುವಿನ ವೇಳೆ, ಚಟ. ಮೊದಲ ನಾಲ್ಕಕ್ಕೆ ತೂಕ ಹೆಚ್ಚು. ಆತ್ಮವಿಶ್ವಾಸ ಹೆಚ್ಚಿಸುವ ತರಗತಿ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ಯೋಚನೆ ಬದಲಾಗದೆ ಆತ್ಮವಿಶ್ವಾಸ ಮಾತ್ರ ಹೆಚ್ಚಿದರೆ ಏನಾಗಬಹುದು ಎಂದು ನೀವೇ ಊಹಿಸಿ.

ರೆಸ್ಪಾನ್ಸಿವಿಟಿ: ಕಲಿಯುವವನಿಗೆ ಒಗ್ಗುವ ರೀತಿಯಲ್ಲಿ ಕಲಿಸು. ಓದಲು ಬರೆಯಲು ಬಾರದವನ ಕೈಗೆ ವರ್ಕ್‌ಬುಕ್ ಕೊಟ್ಟು ‘ಸಹಕರಿಸಲಿಲ್ಲ’ ಎಂದು ಷರಾ ಬರೆಯುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಆರ್‌ಎನ್‌ಆರ್ ಇಷ್ಟು ಒಳ್ಳೆಯದಾದರೆ ಟೀಕೆ ಯಾಕೆ?

ಬಡತನ, ಮನೆಯಿಲ್ಲದಿರುವುದು, ಸಹಿಸಿದ ಹಿಂಸೆ, ಇವೆಲ್ಲ ಅಂಕಪಟ್ಟಿಗೆ ಬಂದಾಗ ‘ಈ ವ್ಯಕ್ತಿಗೆ ನೆರವು ಬೇಕು’ ಎಂಬುದು ‘ಈ ವ್ಯಕ್ತಿ ಅಪಾಯಕಾರಿ’ ಎಂದು ಓದಿಸಿಕೊಳ್ಳುತ್ತದೆ. ಟೊರೊಂಟೊದ ಕೆಲ್ಲಿ ಹಾನಾ-ಮೊಫಾಟ್ ಮಹಿಳಾ ಕೈದಿಗಳ ವಿಷಯದಲ್ಲಿ ಇದನ್ನು ಎತ್ತಿ ತೋರಿಸಿದರು. ಎರಡನೆಯದು ಕೋರ್ಟಿನವರೆಗೂ ಹೋಯಿತು. ಬಹುಪಾಲು ಬಿಳಿಯರ ಮೇಲೆ ಪರೀಕ್ಷಿಸಿದ ಅಳತೆಗೋಲುಗಳನ್ನು ಮೂಲನಿವಾಸಿಗಳ ಮೇಲೆ ಹಾಗೆಯೇ ಬಳಸುವುದು ಸರಿಯೇ? 2018ರ ಯೂವರ್ಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅವು ಮೂಲನಿವಾಸಿಗಳಿಗೆ ಹೊಂದುತ್ತವೆಯೇ ಎಂದು ಪರೀಕ್ಷಿಸದೆ ಸಿಎಸ್‌ಸಿ ಸಿಸಿಆರ್‌ಎಯ 24ನೇ ಕಲಮನ್ನು ಮುರಿದಿದೆ ಎಂದಿತು. ಚಾರ್ಟರ್ ಉಲ್ಲಂಘನೆ ಎಂದು ಹೇಳಲಿಲ್ಲ. ಪರೀಕ್ಷೆಯಲ್ಲಿ ಈ ವ್ಯತ್ಯಾಸಕ್ಕೇ ಅಂಕ ಹೋಗುತ್ತದೆ.

ಮೂಲನಿವಾಸಿಗಳು ಜೈಲಿನಲ್ಲಿ ಅಷ್ಟೊಂದು ಜನ ಯಾಕೆ? ‘ಹೀಲಿಂಗ್ ಲಾಡ್ಜ್’ ಇದಕ್ಕೆ ಪರಿಹಾರವಾ?

ಜನಸಂಖ್ಯೆಯಲ್ಲಿ ಸುಮಾರು 5% ಇರುವವರು ಒಕ್ಕೂಟದ ಜೈಲಿನಲ್ಲಿ 2020ರ ಜನವರಿಗೆ 30% ದಾಟಿದರು. ಮಹಿಳೆಯರಲ್ಲಂತೂ ಆ ಪಾಲು ಆಮೇಲೆ ಸುಮಾರು ಅರ್ಧಕ್ಕೆ ಬಂತು. ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕಿದ ಇತಿಹಾಸ, ನಂತರದ ದತ್ತು ನೀತಿಗಳು, ಬಡತನ, ಜಾಮೀನು ಸಿಗದಿರುವುದು, ಎಲ್ಲ ಒಂದರ ಮೇಲೊಂದು ಬಿದ್ದಿವೆ. 1996ರಲ್ಲಿ ಸೇರಿಸಿದ 718.2(ಇ) ಉಪಕಲಮು ಮತ್ತು 1999ರ ಗ್ಲಾಡ್ಯೂ ತೀರ್ಪಿನಂತೆ ನ್ಯಾಯಾಧೀಶರು ಈ ಹಿನ್ನೆಲೆಯನ್ನು ನೋಡಲೇಬೇಕು. ಆದರೂ ಪಾಲು ಏರುತ್ತಲೇ ಹೋಯಿತು.

ಹೀಲಿಂಗ್ ಲಾಡ್ಜ್ ಎಂದರೆ ಹಿರಿಯರ ಮಾರ್ಗದರ್ಶನದಲ್ಲಿ, ಆಯಾ ಸಮುದಾಯದ ಆಚರಣೆಯಂತೆ ನಡೆಯುವ ವಸತಿ. ಮೊದಲನೆಯದು ಸಸ್ಕ್ಯಾಚೆವನ್‌ನ ಮೇಪಲ್ ಕ್ರೀಕ್ ಬಳಿ ನೆಕನೀಟ್ ಜನರ ನೆಲದಲ್ಲಿ 1995ರಲ್ಲಿ ತೆರೆದ ಓಕಿಮಾ ಓಚಿ. ಕೆಲವನ್ನು ಸಿಎಸ್‌ಸಿಯೇ ನಡೆಸುತ್ತದೆ, ಕೆಲವನ್ನು ಸಿಸಿಆರ್‌ಎ 81ನೇ ಕಲಮಿನಡಿ ಸಮುದಾಯಗಳು. ತೊಡಕು ಇಲ್ಲಿದೆ: ಲಾಡ್ಜ್‌ಗೆ ಹೋಗಲು ಹೆಚ್ಚಾಗಿ ಮಿನಿಮಮ್ ದರ್ಜೆ ಬೇಕು, ಮೂಲನಿವಾಸಿಗಳಿಗೆ ಅಂಕಪಟ್ಟಿ ಕೊಡುವುದು ಅದಕ್ಕಿಂತ ಮೇಲಿನ ದರ್ಜೆ. ಜೈಲು ತುಂಬಿದ್ದರೂ ಲಾಡ್ಜ್‌ನ ಹಾಸಿಗೆ ಖಾಲಿ ಉಳಿಯುತ್ತದೆ. ಸಮುದಾಯ ನಡೆಸುವ ಲಾಡ್ಜ್‌ಗಳಿಗೆ ಅನುದಾನವೂ ಸಿಎಸ್‌ಸಿಯವಕ್ಕಿಂತ ಕಡಿಮೆ ಎಂಬ ದೂರು ಒಂಬುಡ್ಸ್‌ಮನ್ ವರದಿಗಳಲ್ಲಿ ಮರುಕಳಿಸುತ್ತದೆ.

ಹೆಂಗಸರ ಜೈಲಿನ ಚರ್ಚೆಯಲ್ಲಿ 1994 ಅಂತ ಪದೇ ಪದೇ ಬರುತ್ತೆ. ಏನಾಯ್ತು?

1934ರಿಂದ ಇಡೀ ದೇಶಕ್ಕೆ ಒಕ್ಕೂಟದ ಮಹಿಳಾ ಜೈಲು ಒಂದೇ ಇತ್ತು, ಕಿಂಗ್‌ಸ್ಟನ್ನಿನಲ್ಲಿ. ವ್ಯಾಂಕೂವರ್‌ನ ತಾಯಿಗೆ ಮಗುವಿನ ಮುಖ ನೋಡಲು ಸಾವಿರಾರು ಕಿ.ಮೀ. 1990ರಲ್ಲಿ ‘ಕ್ರಿಯೇಟಿಂಗ್ ಚಾಯ್ಸಸ್’ ವರದಿ ಅದನ್ನು ಮುಚ್ಚಿ ಪ್ರದೇಶವಾರು ಮನೆಯಂಥ ಘಟಕ ಕಟ್ಟಿ ಎಂದಿತು. ಮುಚ್ಚುವ ಮೊದಲೇ, 1994ರ ಏಪ್ರಿಲ್‌ನಲ್ಲಿ, ಗಲಾಟೆಯೊಂದರ ನಂತರ ಗಂಡಸರ ತುರ್ತು ಪಡೆ ಎಂಟು ಮಹಿಳೆಯರನ್ನು ಬೆತ್ತಲು ಮಾಡಿ ತಪಾಸಣೆ ನಡೆಸಿತು. ಎಲ್ಲವೂ ನಿಯಮದಂತೆ ವಿಡಿಯೊ ಆಗಿತ್ತು, ಮರುವರ್ಷ ಟಿವಿಯಲ್ಲಿ ಬಂತು. ಲೂಯಿಸ್ ಆರ್ಬೂರ್ ಆಯೋಗ 1996ರಲ್ಲಿ ಬರೆದದ್ದರ ತಿರುಳು ಒಂದೇ: ನಿಯಮಗಳು ಎಲ್ಲೆಡೆ ಇವೆ, ಕಾನೂನಿನ ಆಳ್ವಿಕೆ ಮಾತ್ರ ಇಲ್ಲ.

ಆ ಜೈಲು 2000ದಲ್ಲಿ ಮುಚ್ಚಿತು. ಈಗಿನ ಪ್ರಾದೇಶಿಕ ಘಟಕಗಳಲ್ಲಿ ಸಣ್ಣ ಮನೆಗಳಿವೆ, ದಿನಸಿ ಪಟ್ಟಿ ಬರೆದು ತಾವೇ ಅಡುಗೆ ಮಾಡಿಕೊಳ್ಳುತ್ತಾರೆ. ಮೂಲ ಕನಸಿನಲ್ಲಿ ಇಲ್ಲದಿದ್ದ ಮ್ಯಾಕ್ಸಿಮಮ್ ‘ಸೆಕ್ಯೂರ್ ಯೂನಿಟ್’ ಕೂಡ ಅದೇ ಆವರಣದಲ್ಲಿ ಎದ್ದಿದೆ.

ಒಂಟಿ ಸೆರೆ ರದ್ದಾಗಿದೆಯಾ?

ಹೆಸರು ರದ್ದಾಗಿದೆ. ಹಳೆಯ ಪದ್ಧತಿಯಲ್ಲಿ ದಿನಕ್ಕೆ 22–23 ಗಂಟೆ ಕೋಣೆಯೊಳಗೆ, ಮಿತಿಯಿಲ್ಲದೆ. 2007ರಲ್ಲಿ 19 ವರ್ಷದ ಆಶ್ಲಿ ಸ್ಮಿತ್ ಕಾವಲುಗಾರರ ಕಣ್ಣೆದುರೇ ಕುತ್ತಿಗೆಗೆ ಬಿಗಿದುಕೊಂಡು ಸತ್ತ ಪ್ರಕರಣವನ್ನು 2013ರಲ್ಲಿ, ಸಾವಿನ ಕಾರಣ ವಿಚಾರಿಸಿದ ಇನ್‌ಕ್ವೆಸ್ಟ್ ಜ್ಯೂರಿ ನರಹತ್ಯೆ ಎಂದಿತು. ಒಂಟಾರಿಯೋ ಮತ್ತು ಬ್ರಿಟಿಷ್ ಕೊಲಂಬಿಯಾದ ಮೇಲ್ಮನವಿ ಕೋರ್ಟುಗಳು 2019ರಲ್ಲಿ ಹಳೆಯ ಪದ್ಧತಿಯನ್ನು ಅಸಾಂವಿಧಾನಿಕ ಎಂದವು. ಅದೇ ವರ್ಷ ನವೆಂಬರ್ 30ರಿಂದ ‘ಸ್ಟ್ರಕ್ಚರ್ಡ್ ಇಂಟರ್ವೆನ್ಷನ್ ಯೂನಿಟ್’ ಬಂತು: ದಿನಕ್ಕೆ ನಾಲ್ಕು ಗಂಟೆ ಕೋಣೆಯ ಹೊರಗೆ, ಅದರಲ್ಲಿ ಎರಡು ಗಂಟೆ ಮನುಷ್ಯರೊಡನೆ ಅರ್ಥಪೂರ್ಣ ಒಡನಾಟ.

ಕ್ರಿಮಿನಾಲಜಿ ವಿದ್ವಾಂಸರಾದ ಆಂಥನಿ ಡೂಬ್ ಮತ್ತು ಜೇನ್ ಸ್ಪ್ರಾಟ್ 2021ರಲ್ಲಿ ಸಿಎಸ್‌ಸಿಯದೇ ದತ್ತಾಂಶ ಹಿಡಿದು ನೋಡಿದಾಗ, ಅಲ್ಲಿದ್ದ ಅವಧಿಗಳಲ್ಲಿ ಸುಮಾರು 28% ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ ಪ್ರಕಾರ ಒಂಟಿ ಸೆರೆ, ಇನ್ನೂ ಸುಮಾರು 10% ಹದಿನೈದು ದಿನ ದಾಟಿದ ಚಿತ್ರಹಿಂಸೆಯ ಮಟ್ಟದ್ದು ಎಂದು ಕಂಡಿತು. ಅಧಿಕೃತ ದಾಖಲೆಗಳಲ್ಲಿ ‘ಹೊರಬರಲು ಅವಕಾಶ ನೀಡಲಾಯಿತು, ಕೈದಿ ನಿರಾಕರಿಸಿದ’ ಎಂಬ ಷರಾ ಸಿಕ್ಕಾಗ ಎಷ್ಟು ಗಂಟೆಗೆ, ಯಾವ ಹವಾಮಾನದಲ್ಲಿ, ಯಾರ ಜೊತೆ ಅಂಗಳಕ್ಕೆ ಕರೆದರು ಎಂದು ಕೇಳಬೇಕು.

ರಿಸ್ಟೋರೇಟಿವ್ ಜಸ್ಟಿಸ್ ಹುಟ್ಟಿದ್ದು ಕೆನಡಾದಲ್ಲೇ ಅಂತಾರೆ?

ತಪ್ಪು ಮಾಡಿದವರು ನೊಂದವರನ್ನು ಎದುರುಗೊಂಡು ಹಾನಿ ಸರಿಪಡಿಸುವ ಈ ಪದ್ಧತಿಯ ಆಧುನಿಕ ರೂಪಕ್ಕೆ 1974ರ ಎಲ್ಮೈರಾವನ್ನು ಮೂಲವೆನ್ನುತ್ತಾರೆ. ಒಂಟಾರಿಯೋದ ಆ ಊರಲ್ಲಿ ಒಂದೇ ರಾತ್ರಿ ಕಾರು, ಕಿಟಕಿ ಒಡೆದ ಇಬ್ಬರು ಹುಡುಗರನ್ನು ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ಮನೆಮನೆಗೆ ಕರೆದೊಯ್ದು ಮಾತಾಡಿಸಿ, ನಷ್ಟ ಕಟ್ಟಿಸಿದರು. ಮೂಲನಿವಾಸಿ ಸಮುದಾಯಗಳು ಇದನ್ನು ಬಹಳ ಹಿಂದಿನಿಂದ ಬಲ್ಲವು, ಆದ್ದರಿಂದ ‘ಹುಟ್ಟಿದ್ದು’ ಎಂಬ ಮಾತಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.

## ಓದು ಮತ್ತು ಸಂಶೋಧನೆ

ಯಾವ ಯೂನಿವರ್ಸಿಟಿ ಸೇರಬೇಕು?

ಪ್ರಶ್ನೆ ಯಾವುದೆಂದು ಮೊದಲು ತೀರ್ಮಾನಿಸಿ. ಮೌಲ್ಯಮಾಪನ, ಆರ್‌ಎನ್‌ಆರ್ ಕಡೆ ಒಲವಿದ್ದರೆ ಕಾರ್ಲ್‌ಟನ್‌ನ ಮನಶ್ಶಾಸ್ತ್ರ ವಿಭಾಗ. ವಿಮರ್ಶಾತ್ಮಕ ದೃಷ್ಟಿಗೆ ಒಟ್ಟಾವಾ ವಿಶ್ವವಿದ್ಯಾಲಯ. ಕಾನೂನು, ಇತಿಹಾಸ, ಸಮಾಜಶಾಸ್ತ್ರ ಬೆರೆಸಲು ಟೊರೊಂಟೊದ ಕ್ರಿಮಿನಾಲಜಿ ಕೇಂದ್ರ. ಪಶ್ಚಿಮದಲ್ಲಿ ಸೈಮನ್ ಫ್ರೇಸರ್. ಫ್ರೆಂಚ್ ಬಂದರೆ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಶಾಲೆ, 1960ರಷ್ಟು ಹಳೆಯದು. ಅರ್ಜಿಗೆ ಮೊದಲು ಮಾರ್ಗದರ್ಶಕರಾಗಬಲ್ಲವರ ಇತ್ತೀಚಿನ ಎರಡು ಲೇಖನ ಓದಿ. ಹೆಸರು ನೋಡಿ ಸೇರಿ, ಅಲ್ಲಿ ತಮ್ಮ ವಿಷಯದವರು ಯಾರೂ ಇಲ್ಲವೆಂದು ಎರಡನೇ ಸೆಮಿಸ್ಟರಿನಲ್ಲಿ ತಿಳಿಯುವವರು ಪ್ರತಿ ವರ್ಷ ಇರುತ್ತಾರೆ.

ಜೈಲೊಳಗೆ ಹೋಗಿ ಕೈದಿಗಳನ್ನು ಸಂದರ್ಶನ ಮಾಡಬಹುದಾ?

ಆಗದು ಎಂದೇನಿಲ್ಲ, ಆದರೆ ಒಂದು ವರ್ಷದ ಮಾಸ್ಟರ್ಸ್ ಕೋರ್ಸಿಗೆ ಹೊಂದುವುದಿಲ್ಲ. ವಿಶ್ವವಿದ್ಯಾಲಯದ ನೈತಿಕತಾ ಮಂಡಳಿಯ ಒಪ್ಪಿಗೆ, ಸಿಎಸ್‌ಸಿ ಸಂಶೋಧನಾ ವಿಭಾಗದ ಒಪ್ಪಿಗೆ, ಭದ್ರತಾ ತಪಾಸಣೆ, ಆಮೇಲೆ ಆಯಾ ಜೈಲಿನ ವಾರ್ಡನ್. ಲಾಕ್‌ಡೌನ್ ಆದರೆ ಗೇಟಿನಿಂದಲೇ ವಾಪಸ್. ಮೂಲನಿವಾಸಿಗಳ ಬಗ್ಗೆ ಎಂದರೆ ರಾಷ್ಟ್ರೀಯ ನೈತಿಕತಾ ನೀತಿಯ 9ನೇ ಅಧ್ಯಾಯದಂತೆ ಸಮುದಾಯವನ್ನು ಮೊದಲೇ ಒಳಗೊಳ್ಳಬೇಕು. ಶಿಕ್ಷೆ ಮುಗಿಸಿ ಹೊರಬಂದವರೊಡನೆ, ಅವರ ಜೊತೆ ಕೆಲಸ ಮಾಡುವ ಸಂಸ್ಥೆಗಳ ಮೂಲಕ ಮಾತಾಡುವುದು ಹೆಚ್ಚು ಜನ ಹಿಡಿಯುವ ದಾರಿ. ಕೈದಿಗಳೇ ಬರೆಯುವ ‘ಜರ್ನಲ್ ಆಫ್ ಪ್ರಿಸನರ್ಸ್ ಆನ್ ಪ್ರಿಸನ್ಸ್’ 1988ರಿಂದ ಬರುತ್ತಿದೆ, ಅದನ್ನು ಓದದೆ ಸಂದರ್ಶನದ ಪ್ರಶ್ನೆ ಬರೆಯಬೇಡಿ.

ಅಂಕಿಅಂಶಗಳು ಒಂದಕ್ಕೊಂದು ತಾಳೆಯಾಗ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ‘ಪ್ರವೇಶ’ ಮತ್ತು ‘ಸರಾಸರಿ ಸಂಖ್ಯೆ’ ಬೆರೆಸಿದ್ದೀರಿ: ಒಬ್ಬನೇ ವರ್ಷದಲ್ಲಿ ಮೂರು ಸಲ ಒಳಹೋದರೆ ಪ್ರವೇಶ ಮೂರು. ಒಂದು ದರ ವಯಸ್ಕರ ಲಕ್ಷಕ್ಕೆ, ಇನ್ನೊಂದು ಒಟ್ಟು ಜನಸಂಖ್ಯೆಯ ಲಕ್ಷಕ್ಕೆ. ಒಂದರಲ್ಲಿ ರಿಮ್ಯಾಂಡ್ ಸೇರಿದೆ, ಇನ್ನೊಂದರಲ್ಲಿಲ್ಲ. ಪ್ರಾಂತ್ಯದ ಜೈಲುಗಳಲ್ಲಿ ರಿಮ್ಯಾಂಡಿನವರೇ ಬಹುಸಂಖ್ಯಾತರು, ಹಾಗಾಗಿ ವ್ಯತ್ಯಾಸ ಸಣ್ಣದಲ್ಲ. ಕೊನೆಯದಾಗಿ ವರ್ಷ: ಸರ್ಕಾರಿ ಅಂಕಿ ಹೆಚ್ಚಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ‘ಮರುಅಪರಾಧ’ದ ದರ ಕಂಡಾಗ ಮರುಬಂಧನವೋ, ಮರುಶಿಕ್ಷೆಯೋ, ಪೆರೋಲ್ ಷರತ್ತು ಮುರಿದದ್ದೋ, ಎಷ್ಟು ವರ್ಷದೊಳಗೆ ಎಂದು ನೋಡಿ. ದೇಶಕ್ಕೆಲ್ಲ ಒಪ್ಪಿತವಾದ ಒಂದೇ ಅಳತೆ ಇಲ್ಲ.

ಮಾಹಿತಿ ಹಕ್ಕಿನಂಥದ್ದು ಅಲ್ಲಿದೆಯಾ? ಬೆಂಗಳೂರಿನಿಂದ ಹಾಕಬಹುದಾ?

ಇದೆ. ಆಕ್ಸೆಸ್ ಟು ಇನ್‌ಫರ್ಮೇಷನ್ ಅರ್ಜಿಗೆ 5 ಡಾಲರ್, ಉತ್ತರಕ್ಕೆ 30 ದಿನ, ಆದರೆ ಅವಧಿ ವಿಸ್ತರಿಸಿಕೊಳ್ಳುವುದು ಸಾಮಾನ್ಯ. ಅರ್ಜಿ ಹಾಕಲು ಕೆನಡಾದ ಪ್ರಜೆ, ಕಾಯಂ ನಿವಾಸಿ ಅಥವಾ ಆ ದೇಶದಲ್ಲಿ ಇರುವವರಾಗಿರಬೇಕು. ಆದ್ದರಿಂದ ಅಲ್ಲಿ ಓದುತ್ತಿರುವ ಗೆಳೆಯರ ಮೂಲಕ ಹಾಕಿಸಿ. ‘ಒಂಟಿ ಸೆರೆಯ ಎಲ್ಲ ದಾಖಲೆ’ ಎಂದು ಬರೆದರೆ ತಿಂಗಳುಗಟ್ಟಲೆ ಕಾದು ಕಪ್ಪು ಮಸಿ ಬಳಿದ ಹಾಳೆಗಳು ಬರುತ್ತವೆ. ಯಾವ ಜೈಲು, ಯಾವ ತಿಂಗಳಿಂದ ಯಾವ ತಿಂಗಳು, ಯಾವ ಬಗೆಯ ದಾಖಲೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ.

ಅದಕ್ಕೂ ಮೊದಲು, ಬೇರೆಯವರಿಗೆ ಈಗಾಗಲೇ ಕೊಟ್ಟ ಉತ್ತರಗಳ ಪಟ್ಟಿಯನ್ನು ಸರ್ಕಾರದ ಓಪನ್ ಡೇಟಾ ತಾಣದಲ್ಲಿ ಹುಡುಕಿ. ಬೇಕಾದದ್ದು ಸಿಕ್ಕರೆ ಆ ಸಂಖ್ಯೆ ನಮೂದಿಸಿ ಅನೌಪಚಾರಿಕವಾಗಿ ಪ್ರತಿ ಕೇಳಬಹುದು, ಶುಲ್ಕವಿಲ್ಲ.